ಪೇರಾದೆನಿಯದ ಬಿದಿರು, ಸುಳ್ಯದ ರಬ್ಬರು

ಬಿದಿರು ಕಂಡದ್ದೇ ನಾನು ನಿಂತುಬಿಟ್ಟೆ. ಮಂಗಳೂರಿನಿಂದ ಹೊರಟಿದ್ದ ನಮ್ಮ ಟೂರಿನ ತಂಡ ಆಗಲೇ ಆರ್ಕಿಡ್ ಮನೆಯತ್ತ ಹೋಗಿತ್ತು. ಕ್ಯಾಂಡಿಯ ಪಕ್ಕದ ಪೇರಾದೆನಿಯ ಸಸ್ಯೋದ್ಯಾನಕ್ಕೆಂದು ಗೈಡು ಕೊಟ್ಟ ಸಮಯವೇ ಕಡಿಮೆ. ಅದರಲ್ಲಿ ಅರ್ಧ ಟಿಕೆಟ್ಟು, ಶೌಚಾಲಯ, ಗ್ರೂಪ್ ಫೋಟೊಗಳಿಗೇ ಕಳೆದಿತ್ತು. ನಾನಿದ್ದದ್ದು ಮಹಾವೆಲಿ ನದಿಯ ದಂಡೆಯಲ್ಲಿ, ಬರ್ಮಾದ ದೈತ್ಯ ಬಿದಿರಿನ ಹಿಂಡಿನ ಕೆಳಗೆ. ಒಂದು ಗಳುವನ್ನು ಎರಡೂ ಕೈಯಿಂದ ಸುತ್ತಿ ಹಿಡಿಯಲು ನೋಡಿದೆ, ಬೆರಳಿಗೆ ಬೆರಳು ತಾಗಲಿಲ್ಲ. ಮಳೆಗಾಲದಲ್ಲಿ ಇದರ ಕಣಿಲೆ ದಿನಕ್ಕೆ ಒಂದಡಿಯವರೆಗೂ ಏಳುತ್ತದೆ. ನಮ್ಮೂರಲ್ಲಾದರೆ ಅಷ್ಟು ಏಳಲು ಯಾರೂ ಬಿಡುವುದಿಲ್ಲ, ಪಲ್ಯವಾಗಿಬಿಡುತ್ತದೆ.

ಹೆಂಡತಿ ಹಿಂತಿರುಗಿ ಬಂದು, "ಎಂತಾಯಿತು, ಮತ್ತೆ ಮೊಣಕಾಲು ನೋವಾ?" ಎಂದಳು.

"ತಾತ ಹೇಳಿದ್ದು ಸುಳ್ಳಲ್ಲ ಮಾರಾಯ್ತಿ," ಎಂದೆ.

ಯಾವ ತಾತ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ನಮ್ಮ ಮದುವೆಗೆ ಎಷ್ಟೋ ಮೊದಲೇ ಅವನು ತೀರಿಕೊಂಡಿದ್ದ. ನಮ್ಮ ನೆಂಟನೂ ಅಲ್ಲ, ಜಾತಿಯವನೂ ಅಲ್ಲ, ಭಾಷೆಯವನೂ ಅಲ್ಲ. ಸುಳ್ಯ ತಾಲ್ಲೂಕಿನ ಒಂದು ಮೂಲೆಯಲ್ಲಿ, ನಮ್ಮ ಅಡಿಕೆ ತೋಟದ ತೋಡು ದಾಟಿ ಗುಡ್ಡ ಹತ್ತಿದರೆ ಸಿಗುತ್ತಿದ್ದ ಸಿಲೋನ್ ಕಾಲೊನಿಯ ಹಿರಿಯ. ಊರಿಗೆಲ್ಲ ಅವನು ಕಂಗಾಣಿ ತಾತ. ಆನೆಯ ಕಾಲಿನಷ್ಟು ದಪ್ಪದ ಬಿದಿರನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದು ಅವನು ಹೇಳಿದಾಗ ನಾವು ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಬಿದಿರಿನ ವಿಷಯದಲ್ಲಿ ಸುಳ್ಯದ ಹುಡುಗರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ನಮಗೆ.

ಆ ಕಾಲೊನಿ ಅಲ್ಲಿಗೆ ಬಂದ ಕಥೆ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನ ಬರಗೆಟ್ಟ ಹಳ್ಳಿಗಳಿಂದ ಲಕ್ಷಗಟ್ಟಲೆ ಜನ ಸಿಲೋನಿನ ಬೆಟ್ಟದ ತೋಟಗಳಿಗೆ ಕೂಲಿಗೆ ಹೋದರು. ಆ ದೇಶ ಸ್ವತಂತ್ರವಾದ 1948ರಲ್ಲೇ ಅಲ್ಲಿನ ಹೊಸ ಪೌರತ್ವ ಕಾಯಿದೆ ಅವರನ್ನು ಎಲ್ಲಿಯವರೂ ಅಲ್ಲದವರನ್ನಾಗಿ ಮಾಡಿತು. 1964ರಲ್ಲಿ ನಮ್ಮ ಲಾಲ್ ಬಹಾದುರ್ ಶಾಸ್ತ್ರಿ, ಅವರ ಸಿರಿಮಾವೊ ಬಂಡಾರನಾಯಕೆ ಕುಳಿತು ತಲೆ ಲೆಕ್ಕ ಹಾಕಿದರು: 5.25 ಲಕ್ಷ ಜನ ಭಾರತಕ್ಕೆ, 3 ಲಕ್ಷ ಸಿಲೋನಿಗೆ. ಉಳಿದ ಒಂದೂವರೆ ಲಕ್ಷದ ಮಾತು ಆಮೇಲೆ ನೋಡೋಣ ಎಂದು ಬಿಟ್ಟರು. 1974ರಲ್ಲಿ ಅದನ್ನು ಸಮಪಾಲು ಮಾಡಿಕೊಂಡರು. ಹೀಗೆ ಪಾಲಿಗೆ ಬಂದವರಲ್ಲಿ ಕೆಲವು ಸಾವಿರ ಜನ ಸುಳ್ಯ, ಪುತ್ತೂರಿನ ಕಡೆಗೆ ಬಂದರು. ಇಲ್ಲಿ ಕಾಡು ತೆರವು ಮಾಡಿ ಸರಕಾರ ರಬ್ಬರ್ ಹಾಕುತ್ತಿತ್ತು. ಬಂದವರಿಗೆ ಕೆಲಸ, ರಬ್ಬರಿಗೆ ಆಳು, ಎರಡೂ ಒಟ್ಟಿಗೆ ಆಗುತ್ತದೆ ಎಂಬ ಲೆಕ್ಕ. 1971ರಲ್ಲಿ ಹುಟ್ಟಿದ ಅರಣ್ಯ ಅಭಿವೃದ್ಧಿ ನಿಗಮ ಆಮೇಲೆ ಆ ತೋಟಗಳನ್ನು ನೋಡಿಕೊಂಡಿತು.

ನಮಗೆ ಆಗ ಇದೊಂದೂ ತಿಳಿಯದು. ಗುಡ್ಡದ ಮೇಲೆ ಹೊಸ ಮನೆಗಳ ಸಾಲು ಎದ್ದಿತು, ಒಂದು ದಿನ ಲಾರಿಗಳಲ್ಲಿ ಜನ ಬಂದರು, ಜೂನ್ ತಿಂಗಳಲ್ಲಿ ಶಾಲೆಯ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ಹುಡುಗ ಬಂದು ಕೂತ. ಅವನಿಗೆ ಕನ್ನಡ ಬಾರದು, ತುಳು ಬಾರದು, ಆದರೆ ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಆರು ತಿಂಗಳಲ್ಲಿ ಅವನು ತುಳುವಿನಲ್ಲಿ ಬೈಯಲು ಕಲಿತ, ನಾನು ತಮಿಳಿನಲ್ಲಿ. ಗೆಳೆತನಕ್ಕೆ ಅಷ್ಟು ಸಾಕಿತ್ತು.

ರಬ್ಬರ್ ತೋಟ ಮಕ್ಕಳಿಗೆ ಒಳ್ಳೆಯ ಜಾಗ. ಆಗಸ್ಟ್ ಕಳೆಯುವಾಗ ಕಾಯಿಗಳು ಬಿಸಿಲಿಗೆ ಚಟ್ಟೆಂದು ಒಡೆದು ಬೀಜ ಹಾರುತ್ತಿದ್ದವು. ಕಂದು ಬಣ್ಣದ ಮೇಲೆ ಬೂದು ಚುಕ್ಕೆ ಇದ್ದ ಆ ಬೀಜವನ್ನು ಕಲ್ಲಿಗೆ ಜೋರಾಗಿ ತಿಕ್ಕಿ, ಪಕ್ಕದವನ ತೋಳಿಗೆ ಒತ್ತಿದರೆ ಅವನು ಹಾರಿ ಬೀಳಬೇಕು! ಇದು ಶಾಲೆಯಲ್ಲಿ ದಿನನಿತ್ಯದ ಯುದ್ಧ. ಮರದ ಗಾಯದ ಮೇಲೆ ಒಣಗಿ ಅಂಟಿದ ಹಾಲಿನ ಪಟ್ಟಿಯನ್ನು ಕಿತ್ತು ಸುತ್ತಿ ಸುತ್ತಿ ಚೆಂಡು ಮಾಡುತ್ತಿದ್ದೆವು. ಅದು ನೆಲಕ್ಕೆ ಬಿದ್ದರೆ ಮಾಡಿನ ಎತ್ತರಕ್ಕೆ ಏಳುತ್ತಿತ್ತು, ನಾತ ಮಾತ್ರ ಕೈ ತೊಳೆದರೂ ಹೋಗುತ್ತಿರಲಿಲ್ಲ. ಆ ಪಟ್ಟಿಗೂ ಕಿಲೊ ಲೆಕ್ಕದಲ್ಲಿ ಹಣವಿದೆ ಎಂದು ತಿಳಿದ ಮೇಲೆ ತೋಟದ ರೈಟರು ನಮ್ಮನ್ನು ಯಾಕೆ ಅಟ್ಟಿಸಿಕೊಂಡು ಬರುತ್ತಿದ್ದರು ಎಂಬುದು ಅರ್ಥವಾಯಿತು.

ತಾತನ ಕಥೆಗಳು ಸಂಜೆಗೆ. ಜಗಲಿಯಲ್ಲಿ ಕೂತು ವೆಟ್ಟಿಲೆ ಹಾಕಿಕೊಂಡು, ತಮಿಳಿಗೆ ಅಲ್ಲಲ್ಲಿ ಕನ್ನಡ ಬೆರೆಸಿ ಹೇಳುತ್ತಿದ್ದ. ಹ್ಯಾಟನ್ ಕಡೆಯ ಒಂದು ಚಹಾ ತೋಟದಲ್ಲಿ ಅವನು ಕಂಗಾಣಿಯಾಗಿದ್ದ, ಎಂದರೆ ಕೂಲಿಯಾಳುಗಳ ಮೇಲಿನ ಮೇಸ್ತ್ರಿ. ತೋಟದ ದೊರೆಯ ಹೆಂಡತಿಗೆ ಹೂವಿನ ಹುಚ್ಚು. ಬಂಗಲೆಗೆ ಗಿಡ ತರಲು ಲಾರಿ ಪೇರಾದೆನಿಯಕ್ಕೆ ಹೋಗುವಾಗ ತಾತನೂ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದ. "ತಂಬಿ, ಅದು ತೋಟ ಅಲ್ಲ, ಅರಮನೆ," ಎನ್ನುತ್ತಿದ್ದ. ತಲೆಗಿಂತ ದೊಡ್ಡ ತೆಂಗಿನಕಾಯಿ, ಒಂದೇ ಕಾಯಿಯಲ್ಲಿ ಎರಡು. ಹಗಲೆಲ್ಲ ಮರದಲ್ಲಿ ತಲೆಕೆಳಗಾಗಿ ತೂಗುವ ಸಾವಿರಾರು ಬಾವಲಿ. ಇಂಗ್ಲೆಂಡಿನ ರಾಜ ನೆಟ್ಟ ನಾಗಲಿಂಗದ ಮರ. ಸಾಲಾಗಿ ನೆಟ್ಟರೂ ಕುಡಿದವರ ಹಾಗೆ ವಾಲಿರುವ ಪೈನ್ ಮರಗಳು. ಮತ್ತೆ ಆ ಬಿದಿರು.

ಒಂದೂ ಸುಳ್ಳಲ್ಲ. ಎಲ್ಲವನ್ನೂ ಹೋದ ವರ್ಷ ನನ್ನ ಕಣ್ಣಿನಿಂದ ನೋಡಿದೆ. ಅವಳಿ ತೆಂಗು ಸೇಶೆಲ್ಸ್ ದ್ವೀಪದ್ದು, ಅದರ ಕಾಯಿ ಬಲಿಯಲು ಆರೇಳು ವರ್ಷ ಬೇಕು. ನಾಗಲಿಂಗದ ಮರ 1901ರದ್ದು, ನೆಟ್ಟವನು ಮುಂದೆ ಐದನೆಯ ಜಾರ್ಜ್ ಆದ ರಾಜಕುಮಾರ. ನಾವು ಶಿವನ ಗುಡಿಯ ಮುಂದೆ ಭಕ್ತಿಯಿಂದ ಬೆಳೆಸುವ ಈ ಮರವನ್ನು ಸಿಂಹಳದ ಬೌದ್ಧರು ಬುದ್ಧ ಹುಟ್ಟಿದ ಸಾಲವೃಕ್ಷವೆಂದು ವಿಹಾರಗಳಲ್ಲಿ ಬೆಳೆಸುತ್ತಾರೆ. ಮರದ ತವರು ದಕ್ಷಿಣ ಅಮೆರಿಕ. ಸ್ವಲ್ಪ ದೂರದಲ್ಲಿ 1961ರಲ್ಲಿ ಯೂರಿ ಗಗಾರಿನ್ ನೆಟ್ಟ ಮರವೂ ಇದೆ. ನಡುವಿನ ದೊಡ್ಡ ಹುಲ್ಲುಗಾವಲಿನಲ್ಲಿ ಒಂದೇ ಒಂದು ಜಾವಾ ಅತ್ತಿ ಅಗಲಕ್ಕೆ ನೆರಳು ಚೆಲ್ಲಿ ನಿಂತಿದೆ. ಅದರ ಬೇರುಗಳ ಮೇಲೆ ಶಾಲಾಮಕ್ಕಳು ಬುತ್ತಿ ಬಿಚ್ಚಿ ಕೂತಿದ್ದರು. ಮೂಲೆಮೂಲೆಯಲ್ಲಿ ಕೊಡೆಯ ಮರೆಯಲ್ಲಿ ಹರೆಯದ ಜೋಡಿಗಳು. ಕಾವಲುಗಾರ ಸೀಟಿ ಊದುತ್ತಾನೆ, ಕೊಡೆ ಸ್ವಲ್ಪ ಮೇಲಕ್ಕೇರುತ್ತದೆ, ಅವನು ಆಚೆ ಹೋದದ್ದೇ ಮತ್ತೆ ಇಳಿಯುತ್ತದೆ. ಲಾಲ್‌ಬಾಗಿನ 240 ಎಕರೆಗೆ ಹೋಲಿಸಿದರೆ ಇದು 147 ಎಕರೆ, ಚಿಕ್ಕದೇ. ಆದರೆ ಮೂರು ದಿಕ್ಕಿಗೆ ನದಿ, ಸುತ್ತ ಬೆಟ್ಟ, ಬೇಡವೆಂದರೂ ಸುರಿಯುವ ಮಳೆ. ಬೆಂಗಳೂರಿನ ಅಭಿಮಾನಿಗಳು ಕ್ಷಮಿಸಬೇಕು, ಇದೇ ಹೆಚ್ಚು ಚಂದ.

ತಾತ ಹೇಳದೇ ಬಿಟ್ಟದ್ದು ಮಾತ್ರ ಬಹಳ. ಅದು ನನಗೆ ತಿಳಿದದ್ದು ನಾನು ಹಾಲು ತೂಗುವ ಗುಮಾಸ್ತನಾದ ಮೇಲೆ.

ಪಿಯುಸಿ ಮುಗಿದಿತ್ತು, ಮುಂದೆ ಓದಿಸಲು ಅಪ್ಪನ ಕೈಯಲ್ಲಿ ಇರಲಿಲ್ಲ. ಹತ್ತಿರದ ಒಂದು ಖಾಸಗಿ ರಬ್ಬರ್ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತು. ಕಾಲೊನಿಯಲ್ಲಿ ನಿಗಮದ ಕೆಲಸ ಸಿಗದವರು, ಸಿಕ್ಕಿದರೂ ಸಾಲದವರು ಅಲ್ಲಿಗೆ ಬರುತ್ತಿದ್ದರು. ನನ್ನ ಬೆಂಚಿನ ಗೆಳೆಯನ ಅಮ್ಮನೂ ಅವರಲ್ಲಿ ಒಬ್ಬರು. ಹುಟ್ಟಿದಂದಿನಿಂದ ಚಹಾ ಚಿಗುರು ಕಿತ್ತ ಕೈ, ನಡುಹರೆಯದಲ್ಲಿ ಟ್ಯಾಪಿಂಗ್ ಕತ್ತಿ ಹಿಡಿಯಲು ಕಲಿತಿತ್ತು. ಬೆಳಕು ಹರಿಯುವ ಮೊದಲೇ ತೋಟದಲ್ಲಿರಬೇಕು, ಬಿಸಿಲೇರಿದ ಮೇಲೆ ಗೀರಿದರೆ ಹಾಲು ಕಡಿಮೆ. ಎಡದಿಂದ ಬಲಕ್ಕೆ ಇಳಿಜಾರಾಗಿ ತೊಗಟೆಯನ್ನು ಒಂದೂವರೆ ಮಿಲಿಮೀಟರಿಗಿಂತ ಹೆಚ್ಚಾಗದಂತೆ ಹೆರೆಯಬೇಕು. ಕತ್ತಿ ಒಂದಿಷ್ಟು ಆಳಕ್ಕೆ ಹೋಗಿ ಒಳಗಿನ ಪದರಕ್ಕೆ ತಾಗಿದರೆ ಅಲ್ಲಿ ತೊಗಟೆ ಗಂಟುಕಟ್ಟುತ್ತದೆ, ಮರ ಹಾಳು. ಅಷ್ಟು ಹೆರೆದು ಗೆರಟೆ ನೇರ ಮಾಡಿ ಮುಂದಿನ ಮರಕ್ಕೆ. ಒಬ್ಬರ ಪಾಲಿಗೆ 300ರ ಆಸುಪಾಸು ಮರ. ಕೊನೆಯ ಮರ ಮುಟ್ಟುವಾಗ ಮೊದಲಿನ ಗೆರಟೆ ತುಂಬಿರುತ್ತಿತ್ತು; ಬಕೆಟ್ ಹಿಡಿದು ಮತ್ತೆ ಮೊದಲಿನಿಂದ ಸುತ್ತು.

ಅವರು ತಂದ ಹಾಲನ್ನು ನಾನು ತೂಗಿ, ಮೆಟ್ರೋಲ್ಯಾಕ್ ಎಂಬ ಕೊಳವೆ ಮುಳುಗಿಸಿ ಅದರಲ್ಲಿ ರಬ್ಬರ್ ಎಷ್ಟು, ನೀರೆಷ್ಟು ಎಂದು ನೋಡಿ ಬರೆಯಬೇಕು. ಕೂಲಿ ಒಣ ರಬ್ಬರಿನ ತೂಕದ ಮೇಲೆ. ಹಾಲಿಗೆ ತೋಡಿನ ನೀರು ಸೇರಿಸುವವರೂ ಇದ್ದರು, ಇಲ್ಲ ಎನ್ನುವುದಿಲ್ಲ. ಆದರೆ ಆ ಎಸ್ಟೇಟಿನಲ್ಲಿ ನಾನು ಬರುವ ಮೊದಲಿನಿಂದಲೂ ಒಂದು ಪದ್ಧತಿ: ಕೊಳವೆಯ ಗೆರೆ ಎಲ್ಲಿ ನಿಂತರೂ ಬರೆಯುವ ಅಂಕಿ ಅದಕ್ಕಿಂತ ಒಂದೆರಡು ಕೆಳಗೆ. ನೀರು ಸೇರಿಸಿದವರಿಗೂ ಅದೇ, ಸೇರಿಸದವರಿಗೂ ಅದೇ. ಜೂನಿನಿಂದ ಮಳೆ ಹಿಡಿದರೆ ಟ್ಯಾಪಿಂಗ್ ನಿಂತು ಕೂಲಿಯೂ ನಿಲ್ಲುತ್ತಿತ್ತು. ಮರಕ್ಕೆ ಪ್ಲಾಸ್ಟಿಕ್ ಲಂಗ ತೊಡಿಸಿ ಮಳೆಯಲ್ಲೂ ಹಾಲು ತೆಗೆಯುವ ಉಪಾಯ ನಮ್ಮ ಎಸ್ಟೇಟಿಗೆ ಬಂದದ್ದು ಆಮೇಲೆ.

ಮಳೆಗಾಲದ ಅಂಥ ಒಂದು ಮಧ್ಯಾಹ್ನ ನಾನು ಕಾಲೊನಿಗೆ, ಗೆಳೆಯನ ಮನೆಗೆ ಹೋಗಿದ್ದೆ. ಅಮ್ಮ ಹಾಲು ಹಾಕದ ಕಪ್ಪು ಚಾ ಕೊಟ್ಟರು. ಸಕ್ಕರೆ ಅದರೊಳಗೆ ಹಾಕುವ ಕ್ರಮವಿಲ್ಲ, ಬೆಲ್ಲದ ತುಂಡು ಅಂಗೈಯಲ್ಲಿ. ಜೊತೆಗೆ ತೆಂಗಿನತುರಿ ಕಲಸಿ ತಟ್ಟಿದ ರೊಟ್ಟಿ, ಕೆಂಪು ಮೆಣಸಿನ ಸಂಬಲ್. ಮನೆಯಲ್ಲಿದ್ದ ಒಳ್ಳೆಯ ಲೋಟ ನನಗೆ. ಇದೇ ಗೆಳೆಯ ನಮ್ಮ ಮನೆಗೆ ಬಂದರೆ ಅವನ ಲೋಟ ಬೇರೆ, ಅದು ಹಟ್ಟಿಯ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಿತ್ತು. ಕುಡಿದು ಅವನೇ ತೊಳೆದು ಅಲ್ಲೇ ಇಡುತ್ತಿದ್ದ. ಈ ಎರಡು ಲೋಟಗಳ ಮಾತನ್ನು ಅವನೂ ನಾನೂ ಇವತ್ತಿಗೂ ಆಡಿಲ್ಲ.

ಆ ಹೊತ್ತಿನಲ್ಲಿ ನಾನು ತಾತನ ಪೇರಾದೆನಿಯದ ಸುದ್ದಿ ತೆಗೆದೆ. ತಾತ ತೀರಿಕೊಂಡು ಆಗ ಹೆಚ್ಚು ದಿನ ಆಗಿರಲಿಲ್ಲ. "ನೀವೂ ನೋಡಿದ್ದೀರಾ ಅಮ್ಮ?" ಎಂದು ಕೇಳಿದೆ.

ಅವರು ಒಲೆಯ ಕಡೆ ನೋಡುತ್ತಲೇ ಹೇಳಿದರು. "ನಾನು ಎಲ್ಲಿ ನೋಡುವುದು ತಂಬಿ? ನಮ್ಮ ತೋಟದ ಗಡಿ ದಾಟಬೇಕಾದರೆ ಆ ನಿನ್ನ ತಾತನ ಒಪ್ಪಿಗೆ ಬೇಕಿತ್ತು. ಹೆರಿಗೆಗೆ ಆಸ್ಪತ್ರೆಗೆ ಹೋಗಲಿಕ್ಕೂ ಬೇಕಿತ್ತು."

ಮತ್ತೆ ಮೆಲ್ಲಗೆ ಒಂದೊಂದೇ ಹೊರಗೆ ಬಂತು. ಚಿಗುರಿನ ಬುಟ್ಟಿ ತೂಗುವಾಗ ಬುಟ್ಟಿಯ ತೂಕ, ಮಳೆ ನೀರಿನ ತೂಕ ಎಂದು ಕಂಗಾಣಿ ಕಳೆಯುತ್ತಿದ್ದ ಪೌಂಡುಗಳು. ಎಷ್ಟು ತಲೆ ಕೆಲಸಕ್ಕೆ ಇಳಿದವೋ ಅಷ್ಟಕ್ಕೆ ಅವನ ಕೈಗೆ ಬರುತ್ತಿದ್ದ ಕಮಿಷನ್. ಅದಕ್ಕೋಸ್ಕರ ಜ್ವರದಲ್ಲಿದ್ದವರನ್ನೂ ಚಳಿ ಮಂಜಿನ ಬೆಳಗ್ಗೆ ಬಾಗಿಲು ಬಡಿದು ಎಬ್ಬಿಸುವುದು. ಇಲ್ಲಿಗೆ ಬಂದು ಎಲ್ಲರೂ ಒಂದೇ ಸಾಲಿನ ಮನೆಗಳಿಗೆ ಸೇರಿದ ಮೇಲೆ ಅವನ ಅಧಿಕಾರ ಹೋಯಿತು, ಕಥೆ ಉಳಿಯಿತು. "ಮುದುಕ, ಪಾಪ. ಅನ್ನ ಕೊಟ್ಟಿದ್ದೇವೆ, ಮಣ್ಣು ಹಾಕಿದ್ದೇವೆ. ಆದರೆ ಅವನ ಕಥೆಯಲ್ಲಿ ನಾವು ಯಾರೂ ಇಲ್ಲ ನೋಡು," ಎಂದರು.

ಪೇರಾದೆನಿಯದ ಹತ್ತಿರ ಅವರು ಹಾದುಹೋದದ್ದು ಒಂದೇ ಸಲ. ಹ್ಯಾಟನ್ನಿನಿಂದ ತಲೈಮನ್ನಾರಿಗೆ ಹೋಗುವ ರೈಲು ಪೇರಾದೆನಿಯ ಜಂಕ್ಷನ್ ಮೂಲಕವೇ ಹೋಗಬೇಕು. ಅವರು ಹೊರಟದ್ದು ರಾತ್ರಿ ಗಾಡಿಯಲ್ಲಿ. ಅಕ್ಕ, ತಮ್ಮ ಅಲ್ಲಿಯ ಪಾಲಿಗೆ, ತಾನು ಇಲ್ಲಿಯ ಪಾಲಿಗೆ. ಬೀಳ್ಕೊಡಲು ಬಂದವರು ಪ್ಲಾಟ್‌ಫಾರ್ಮಿನಲ್ಲಿ ನೆಲಕ್ಕೆ ಬಿದ್ದು ಅಳುತ್ತಿದ್ದರಂತೆ. ಪೇರಾದೆನಿಯದಲ್ಲಿ ಗಾಡಿ ನಿಂತಿತೋ ಇಲ್ಲವೋ ಅವರಿಗೆ ನೆನಪಿಲ್ಲ. ಮಡಿಲಲ್ಲಿ ಕೂಸು ಕೂಗುತ್ತಿತ್ತು. ಆ ಕೂಸು ನನ್ನ ಗೆಳೆಯನ ತಂಗಿ. ಆಮೇಲೆ ಹಡಗು, ರಾಮೇಶ್ವರ, ಮಂಡಪಂ ಕ್ಯಾಂಪು, ಅಲ್ಲಿಂದ ಯಾರೋ ಬರೆದುಕೊಟ್ಟ ಒಂದು ಕಾಗದದ ಮೇಲೆ ಸುಳ್ಯ ಎಂಬ ಹೆಸರು.

ಅಮ್ಮನ ಮಾತು ಕೇಳಿದ ಮೇಲೆ ತಾತನ ಮೇಲಿನ ನನ್ನ ಪ್ರೀತಿ ಹೋಯಿತು ಎಂದರೆ ಅದು ಸುಳ್ಳಾಗುತ್ತದೆ. ಹುಡುಗರಿಗೆ ಜಗತ್ತು ಎಷ್ಟು ದೊಡ್ಡದು ಎಂದು ತೋರಿಸಿದವನು ಅವನೇ. ನಮ್ಮ ಮೇಷ್ಟ್ರುಗಳು ಭೂಪಟದಲ್ಲಿ ಕೋಲು ಇಟ್ಟು ತೋರಿಸಿದ್ದಕ್ಕಿಂತ ಹೆಚ್ಚು. ಕಂಗಾಣಿಗಳ ಬಗ್ಗೆ ಮುಂದೆ ಓದಿದಾಗ ಅಮ್ಮ ಹೇಳಿದ್ದು ತುಸುವೇ ಎನಿಸಿತು. ಹಳೆಯ ಕಂಗಾಣಿಗಳು ಊರಿಗೆ ಹೋಗಿ ಮುಂಗಡ ಕೊಟ್ಟು ಜನರನ್ನು ಕರೆತರುತ್ತಿದ್ದರು, ಆ ಸಾಲ ತೀರುವಂತೆಯೇ ಇರಲಿಲ್ಲ. ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋದರೆ ಸಾಲದ ಮೊತ್ತ ಬರೆದ ಚೀಟಿಯೂ ಹಿಂದೆ ಹೋಗುತ್ತಿತ್ತು, ಅದಕ್ಕೆ ತುಂಡು ಎನ್ನುತ್ತಿದ್ದರು. 1921ರಲ್ಲಿ ಕಾನೂನು ಅದನ್ನು ನಿಲ್ಲಿಸಿತು. ನಮ್ಮ ತಾತ ಅದರ ನಂತರದವನು, ಹಲ್ಲು ಕಿತ್ತ ಕಾಲದ ಕಂಗಾಣಿ. ಆದರೂ ಲಾರಿಯ ಮುಂದಿನ ಸೀಟು ಅವನಿಗೇ ಸಿಕ್ಕಿತ್ತು, ಕಂಡದ್ದು ಅಲ್ಲಿಂದ ಕಾಣುವಷ್ಟೇ.

ಪೇರಾದೆನಿಯಕ್ಕೂ ಈ ಮಾತು ಸಲ್ಲುತ್ತದೆ. ನೋಡಲು ಅದು ಉದ್ಯಾನ. ಆದರೆ 1821ರಲ್ಲಿ ಅಲೆಕ್ಸಾಂಡರ್ ಮೂನ್ ಎಂಬವನು ಅದನ್ನು ಶುರುಮಾಡಿದಾಗಲೇ ಅಲ್ಲಿ ನೆಟ್ಟದ್ದು ದಾಲ್ಚಿನ್ನಿ ಮತ್ತು ಕಾಫಿ. ಬೆಟ್ಟಗಳಲ್ಲಿ ಯಾವುದನ್ನು ಬೆಳೆದರೆ ಲಂಡನ್ನಿನಲ್ಲಿ ಮಾರಾಟವಾಗುತ್ತದೆ ಎಂದು ಸಸಿ ಬೆಳೆಸಿ ನೋಡುವ ಜಾಗ ಅದು. ಕಾಫಿ ಗೆದ್ದಿತು, ಬೆಟ್ಟಗಳ ಕಾಡು ಬೋಳಾಯಿತು. 1869ರಲ್ಲಿ ಎಲೆಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡಿತು. ತೋಟದ ಮುಖ್ಯಸ್ಥ ಥ್ವೇಟ್ಸ್ ಅದರ ಮಾದರಿಯನ್ನು ಇಂಗ್ಲೆಂಡಿಗೆ ಕಳಿಸಿ ಹೆಸರು ಇಡಿಸಿದ. ನಮ್ಮ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಇವತ್ತಿಗೂ ಮಳೆಗೆ ಮೊದಲು ಬೋರ್ಡೋ ದ್ರಾವಣ ಸಿಂಪಡಿಸುವುದು ಅದೇ ಎಲೆ ತುಕ್ಕಿಗೆ. ಹೆಸರು ಸಿಕ್ಕಿದರೂ ಮದ್ದು ಸಿಗಲಿಲ್ಲ, ಹದಿನೈದು ಇಪ್ಪತ್ತು ವರ್ಷಗಳಲ್ಲಿ ಸಿಲೋನಿನ ಕಾಫಿ ನೆಲಕಚ್ಚಿತು. ಅಷ್ಟರಲ್ಲಿ ಚಹಾ ಸಿದ್ಧವಾಗಿತ್ತು: 1867ರಲ್ಲಿ ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು ಲೂಲೆಕಂದುರ ತೋಟದಲ್ಲಿ 19 ಎಕರೆಗೆ ಚಹಾ ಹಾಕಿದ್ದ.

ಬೆಳೆ ಬದಲಾದದ್ದು ಆಳುಗಳ ಬದುಕನ್ನು ಹೇಗೆ ಬದಲಿಸಿತು ಎನ್ನುವುದು ನನಗೆ ಹೊಳೆದದ್ದು ರಬ್ಬರ್ ತೋಟದಲ್ಲಿ ದುಡಿದಿದ್ದರಿಂದ. ಕಾಫಿಗೆ ಆಳು ಬೇಕಾದದ್ದು ಮುಖ್ಯವಾಗಿ ಕೊಯ್ಲಿನ ಕಾಲಕ್ಕೆ. ತಮಿಳು ಗಂಡಸರು ಸಮುದ್ರ ದಾಟಿ, ಕಾಡಿನಲ್ಲಿ ನಡೆದು ಬಂದು, ಕೊಯ್ದು, ಬದುಕುಳಿದರೆ ಊರಿಗೆ ಮರಳುತ್ತಿದ್ದರು. ಚಹಾಕ್ಕೆ ವರ್ಷವಿಡೀ ಕೈ ಬೇಕು, ಅದರಲ್ಲೂ ಹೆಂಗಸರ ಕೈ. ಹಾಗಾಗಿ ಸಂಸಾರ ಸಮೇತ ಬಂದರು, ಲೈನ್ ಮನೆಗಳಲ್ಲಿ ತಳವೂರಿದರು, ಮೂರು ತಲೆಮಾರು ಕಳೆದ ಮೇಲೆ ಹೊರಡಿ ಎನ್ನಿಸಿಕೊಂಡರು.

ರಬ್ಬರಿನದೂ ಇದೇ ಜಾಡು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲಿನ ಟಪಜೋಸ್ ನದಿಯ ಕಡೆಯಿಂದ 70,000 ಬೀಜ ತುಂಬಿಸಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ತಂದ. ನಾವು ತೋಳು ಸುಡಲು ಚಡ್ಡಿ ಜೇಬು ತುಂಬಿಸುತ್ತಿದ್ದೆವಲ್ಲ, ಅದೇ ಚುಕ್ಕೆ ಬೀಜ. ಎಣ್ಣೆಯಂಶದ ಬೀಜವಾದ್ದರಿಂದ ಬೇಗ ಕೆಡುತ್ತದೆ. ನೂರಕ್ಕೆ ನಾಲ್ಕರಷ್ಟು ಮಾತ್ರ ಮೊಳೆತವು. ಅದರಲ್ಲಿ ಸುಮಾರು 1,900 ಸಸಿ ಗಾಜಿನ ಪೆಟ್ಟಿಗೆಗಳಲ್ಲಿ ಸಿಲೋನಿಗೆ ಬಂದವು. ಪೇರಾದೆನಿಯ ಅವಕ್ಕೆ ತಂಪು ಎಂದು ಕೆಳಗಿನ ಸೆಕೆಯ ಊರಾದ ಗಂಪಹದ ಹೆನರತ್‌ಗೊಡದಲ್ಲಿ ಹೊಸ ತೋಟ ಮಾಡಿ ನೆಟ್ಟರು. ಏಷ್ಯದ ರಬ್ಬರಿನ ಬಹುಪಾಲು ಆ ಒಂದು ಹೊರೆ ಬೀಜದ ಸಂತಾನ. 1902ರಲ್ಲಿ ಕೇರಳದ ತಟ್ಟೇಕ್ಕಾಡಿನಲ್ಲಿ ಮರ್ಫಿ ಎಂಬವನು ಹಾಕಿದ ತೋಟದಿಂದ ಅದು ನಮ್ಮ ಕಡೆಗೆ ಹಬ್ಬುತ್ತ ಬಂತು. ಸುಳ್ಯದಲ್ಲಿ ಅದರ ಹಾಲು ತೆಗೆಯಲು ಸಿಲೋನಿನಿಂದಲೇ ಜನ ಬಂದರು.

ನಮ್ಮೂರಿನವರು ಅವರನ್ನು ಹೇಗೆ ನೋಡಿಕೊಂಡರು? ಕೆಟ್ಟದಾಗಿ ಏನೂ ಮಾಡಲಿಲ್ಲ ಎಂದು ಊರಿನ ಹಿರಿಯರು ಈಗಲೂ ಹೇಳುತ್ತಾರೆ. ಹೊಡೆಯಲಿಲ್ಲ, ಓಡಿಸಲಿಲ್ಲ, ನಿಜ. ಕಡಿಮೆ ಕೂಲಿಗೆ ಸಿಗುತ್ತಾರೆ ಎಂದು ಕರೆದರು, ಕಾಡು ಹೋದದ್ದು ಇವರಿಂದ ಎಂದು ಬೈದರು. ಕಾಡು ಕಡಿಯಲು ಅವರೇನೂ ಅರ್ಜಿ ಹಾಕಿರಲಿಲ್ಲ. 1983ರಲ್ಲಿ ತಮಿಳರ ವಿರುದ್ಧದ ಗಲಭೆಯಲ್ಲಿ ಕೊಲಂಬೊ ಹೊತ್ತಿ ಉರಿದಾಗ ಕಾಲೊನಿಯಲ್ಲಿ ರೇಡಿಯೊ ಸುತ್ತ ಹೆಂಗಸರು ಕೂತು ಅಳುತ್ತಿದ್ದರೆ, ಪೇಟೆಯ ಹೋಟೆಲಿನಲ್ಲಿ ಅವರನ್ನು ಎಲ್‌ಟಿಟಿಇ ಎಂದು ತಮಾಷೆ ಮಾಡುವುದು ಶುರುವಾಯಿತು. 1991ರ ಮೇ ತಿಂಗಳಲ್ಲಿ ರಾಜೀವ್ ಗಾಂಧಿಯ ಹತ್ಯೆಯಾದ ನಂತರ ಅದು ತಮಾಷೆಯಾಗಿ ಉಳಿಯಲಿಲ್ಲ, ಕಾಲೊನಿಗೆ ಜೀಪು ಬಂದು ಗಂಡಸರ ಹೆಸರು ಬರೆದುಕೊಂಡು ಹೋಯಿತು. ಜಾಫ್ನಾದ ತಮಿಳರೇ ಬೇರೆ, ಬೆಟ್ಟದ ತೋಟದ ಈ ತಮಿಳರೇ ಬೇರೆ. ಅವರು ಇವರನ್ನು ಕೂಲಿಗಳೆಂದು ದೂರ ಇಟ್ಟವರು. ಇದನ್ನು ಹೇಳಿದರೆ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ.

ಪೇರಾದೆನಿಯದ ಆರ್ಕಿಡ್ ಮನೆಯ ಹಿಂದೆ ಒಬ್ಬಾಕೆ ಕುಂಡಗಳಿಗೆ ತೆಂಗಿನ ನಾರು ತುಂಬುತ್ತಿದ್ದಳು. ಪಕ್ಕದವಳ ಜೊತೆ ತಮಿಳಿನಲ್ಲಿ ಮಾತಾಡುವುದು ಕೇಳಿಸಿ ನಾನೂ ಬಾಯಿ ಹಾಕಿದೆ. ನನ್ನ ತಮಿಳು ಕೇಳಿ ಆಕೆ ತಲೆಯೆತ್ತಿ ನೋಡಿದಳು. "ಇದು ಇಂಡಿಯಾದ ತಮಿಳಲ್ಲ ಅಯ್ಯಾ, ನಮ್ಮ ತೋಟದ ತಮಿಳು. ನೀವು ಎಲ್ಲಿ ಕಲಿತಿರಿ?" ಹೇಳಿದೆ. ಆಕೆಯ ಅಜ್ಜನ ತಮ್ಮ ಕೂಡ ಎಪ್ಪತ್ತರ ದಶಕದಲ್ಲಿ ಹಡಗು ಹತ್ತಿದವನು. ಮೊದಮೊದಲು ನೀಲಗಿರಿಯಿಂದ ಕಾಗದ ಬರುತ್ತಿತ್ತು, ಮತ್ತೆ ನಿಂತಿತು. ಸುಳ್ಯ ಎಂಬ ಊರಿನ ಹೆಸರು ಆಕೆ ಕೇಳಿರಲಿಲ್ಲ. ಅಲ್ಲಿಯೇ ಉಳಿದವರಿಗೆ ಪೌರತ್ವ ಪೂರ್ತಿ ಸಿಕ್ಕಿದ್ದು 2003ರ ಕಾಯಿದೆಯಿಂದ ಎಂದು ನಾನು ಓದಿದ್ದೆ. ಅದನ್ನು ಕೇಳಿದಾಗ, "ಓಟು ಇದೆ ಅಯ್ಯಾ, ಮನೆಗೆ ಪಟ್ಟಾ ಇಲ್ಲ," ಎಂದಳು. ಗೈಡಿನ ಫೋನು ಬಂತು, ಬಸ್ಸು ಹೊರಡುತ್ತದೆ ಎಂದು.

ಪಟ್ಟಾ ಇಲ್ಲ ಎಂಬ ಮಾತನ್ನು ನಾನು ಕಾಲೊನಿಯಲ್ಲೂ ಕೇಳುತ್ತಲೇ ಬೆಳೆದವನು. ಕೆಲಸ ಮುಗಿದರೆ ಮನೆ ಬಿಡಬೇಕೇ ಎಂಬ ಚಿಂತೆ, ಇಲ್ಲಿ ಹುಟ್ಟಿದ ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ಕಚೇರಿಯಿಂದ ಕಚೇರಿಗೆ ಅಲೆದಾಟ. ಅಲ್ಲಿ ತಮಿಳರೆಂದು ಕಳಿಸಿದರು, ಇಲ್ಲಿ ಸಿಲೋನಿನವರೆಂದು ಕೂರಿಸಿದರು. ರಬ್ಬರಿಗೂ ಹಳೆಯ ಕಳೆಯಿಲ್ಲ. 2011ರಲ್ಲಿ ಕಿಲೊಗೆ 240 ರೂಪಾಯಿಯ ಹತ್ತಿರ ಹೋಗಿದ್ದ ಶೀಟು 2016ರ ಆರಂಭದಲ್ಲಿ ನೂರರ ಕೆಳಗೆ ಬಿತ್ತು. ಆಗ ಬಿಟ್ಟ ಟ್ಯಾಪಿಂಗನ್ನು ಅನೇಕರು ಮತ್ತೆ ಹಿಡಿಯಲಿಲ್ಲ. ಕಾಲೊನಿಯ ಹೊಸ ತಲೆಮಾರು ತಿರುಪ್ಪೂರು, ಮಂಗಳೂರು, ಬೆಂಗಳೂರು ಎಂದು ಚದುರಿದೆ. ಮನೆಗಳಲ್ಲಿ ಹೆಚ್ಚಾಗಿ ವಯಸ್ಸಾದವರೇ. ನಾನು ಕೂತಿದ್ದ ತೂಕದ ಶೆಡ್ಡು ಈಗ ಇಲ್ಲ, ಅಲ್ಲಿ ಅಡಿಕೆ ಹಾಕಿದ್ದಾರೆ.

ಗೆಳೆಯ ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅಮ್ಮ ಅವನ ಜೊತೆಗಿದ್ದಾರೆ, ಕಿವಿ ಮಂದ, ಬುದ್ಧಿ ಚುರುಕು. ಕ್ಯಾಂಡಿಯ ಹೋಟೆಲಿನಿಂದ ನಾನು ಬಿದಿರು, ಬಾವಲಿ, ಪೈನಿನ ಸಾಲು ಎಲ್ಲವನ್ನೂ ಅವನ ಫೋನಿಗೆ ಕಳಿಸಿದೆ. ರಾತ್ರಿ ಫೋನು ಬಂತು. ಅಮ್ಮ ಫೋಟೊಗಳನ್ನೆಲ್ಲ ನೋಡಿ, ಸರಿ, ಚಂದ ಇದೆ ಎಂದರಂತೆ. ಆಮೇಲೆ ಫೋನು ಕಿತ್ತುಕೊಂಡು ಅವರೇ ಕೇಳಿದರು, "ಹ್ಯಾಟನ್‌ಗೆ ಹೋದೆಯಾ ತಂಬಿ?"

ಇಲ್ಲ ಎಂದೆ. ನಮ್ಮ ಪ್ಯಾಕೇಜಿನಲ್ಲಿ ಹ್ಯಾಟನ್ ಇರಲಿಲ್ಲ. ಮರುದಿನ ನುವಾರ ಎಲಿಯದ ದಾರಿಯಲ್ಲಿ ಒಂದು ಚಹಾ ಕಾರ್ಖಾನೆಗೆ ಕರೆದೊಯ್ದರು. ಹಸಿರು ಸೀರೆಯ ಹುಡುಗಿ ಪಿಂಗಾಣಿ ಕಪ್ಪಿನಲ್ಲಿ ಚಾ ಕೊಟ್ಟಳು, ಎಲ್ಲರೂ ಡಬ್ಬಿ ಕೊಂಡರು. ಕಿಟಕಿಯಾಚೆ ಬೆಟ್ಟದ ಇಳಿಜಾರಿನಲ್ಲಿ ತಗಡಿನ ಮಾಡಿನ ಲೈನ್ ಮನೆಗಳು ಕಾಣುತ್ತಿದ್ದವು, ಬಸ್ಸು ಅಲ್ಲಿ ನಿಲ್ಲಲಿಲ್ಲ.

ಶ್ರೀಲಂಕಾಕ್ಕೆ ಹೋಗುವ ನಮ್ಮವರಿಗೆ ಇಷ್ಟು ಹೇಳುತ್ತೇನೆ. ಪೇರಾದೆನಿಯವನ್ನು ತಪ್ಪಿಸಬೇಡಿ, ಗೈಡಿನ ಹತ್ತಿರ ಜಗಳ ಮಾಡಿಯಾದರೂ ಅರ್ಧ ದಿನ ಪಡೆಯಿರಿ. ಆಮೇಲೆ ಗಂಪೊಲದ ಕಡೆಗೆ ಗಾಡಿ ತಿರುಗಿಸಲು ಹೇಳಿ. ಅಲ್ಲಿ ಬೆಟ್ಟದ ಮೇಲಿನ ಹಳೆಯ ಲೈನ್ ಮನೆಯೊಂದರಲ್ಲಿ ಚಹಾ ತೋಟದ ಕಾರ್ಮಿಕರ ಸಣ್ಣ ವಸ್ತುಸಂಗ್ರಹಾಲಯ ಇದೆ. ಟೂರಿನವರ ಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ನೀವೇ ಕೇಳಿ ಸೇರಿಸಿಕೊಳ್ಳಬೇಕು.